ಟ್ರಿಪ್ಪೂ ಬೇಕು, ವಿಡಿಯೊನೂ ಬೇಕು: ಸಾಹಸ ಪ್ರವಾಸದ ಶೂಟಿಂಗಿಗೆ ಮೊದಲೇ ಮಾಡಿಕೊಳ್ಳಬೇಕಾದ ಲೆಕ್ಕ

ಟ್ರೆಕ್ಕಿಂಗ್, ರಾಫ್ಟಿಂಗ್, ಪ್ಯಾರಾಗ್ಲೈಡಿಂಗ್ ಅಂತ ಹೊರಡುವ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ವಿಡಿಯೊ ಚೆನ್ನಾಗಿ ಬರಬೇಕು, ಆದರೆ ಇಡೀ ಟ್ರಿಪ್ ಸ್ಕ್ರೀನ್ ನೋಡುತ್ತಲೇ ಮುಗಿದುಹೋಗಬಾರದು, ಏನು ಮಾಡೋದು? ಅದರ ಬೆನ್ನಿಗೇ ‘ಯಾವ ಕ್ಯಾಮೆರಾ ತಗೊಳ್ಳಲಿ’ ಅನ್ನುವ ಪ್ರಶ್ನೆಯೂ ಬರುತ್ತದೆ.

ಕ್ಯಾಮೆರಾ ವಿಷಯ ಆಮೇಲೆ ನೋಡೋಣ. ತೊಂದರೆ ಶುರುವಾಗುವುದು ಬೇರೆ ಕಡೆ. ತನಗೆ ಎಷ್ಟು ಫೂಟೇಜ್ (ತೆಗೆದಿಟ್ಟ ಕಚ್ಚಾ ವಿಡಿಯೊ) ಸಾಕು ಅಂತ ಗೊತ್ತಿಲ್ಲದವರು ಕಂಡಿದ್ದನ್ನೆಲ್ಲ ಶೂಟ್ ಮಾಡುತ್ತಾರೆ. ಎಷ್ಟು ಸಾಕು ಅಂತ ಗೊತ್ತಿರುವವರು ಅಷ್ಟು ತೆಗೆದು ಕ್ಯಾಮೆರಾವನ್ನು ಬ್ಯಾಗಿಗೆ ಹಾಕುತ್ತಾರೆ. ಹಾಗಾಗಿ ಈ ಲೇಖನದ ಮುಕ್ಕಾಲು ಪಾಲು ಮನೆಯಲ್ಲೇ ಮಾಡಿಕೊಳ್ಳುವ ಕೆಲಸದ ಬಗ್ಗೆ ಇದೆ.

ಅದಕ್ಕೂ ಮೊದಲು ಒಂದು ಮಾತು. ಕ್ಯಾಮೆರಾ ಹಿಡಿದರೆ ಅನುಭವ ಕೆಟ್ಟೇ ಕೆಡುತ್ತದೆ ಅಂತೇನಿಲ್ಲ. ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯೂಸಿಯಮ್ಮಿನಲ್ಲಿ ಸುಮ್ನೆ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳು ಜನರಿಗೆ ನೆನಪಿದ್ದದ್ದು ಕಡಿಮೆ. ಆದರೆ ಒಂದು ವಸ್ತುವಿನ ಯಾವುದೋ ಭಾಗಕ್ಕೆ ಜೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. 2016ರಲ್ಲಿ ಕ್ರಿಸ್ಟಿನ್ ಡೀಲ್ ಮತ್ತು ಜೊತೆಗಾರರು ಮಾಡಿದ ಪ್ರಯೋಗಗಳಲ್ಲಿ ಫೋಟೊ ತೆಗೆದವರೇ ಹೆಚ್ಚಿನ ಸಲ ಜಾಸ್ತಿ ಖುಷಿಪಟ್ಟಿದ್ದರು. ಮಾಡುತ್ತಿದ್ದ ಕೆಲಸಕ್ಕೆ ಕ್ಯಾಮೆರಾ ಅಡ್ಡ ಬಂದಾಗ ಆ ಲಾಭ ಸಿಗಲಿಲ್ಲ. ಎರಡೂ ಫೋಟೊಗೆ ಸಂಬಂಧಿಸಿದವು, ವಿಡಿಯೊಗೆ ಅಲ್ಲ. ಆದರೂ ನಮಗೆ ಬೇಕಾದ ಸುಳಿವು ಅಲ್ಲಿದೆ. ಏನು ಬೇಕು ಅಂತ ನೋಡಿ ಆರಿಸಿ ತೆಗೆಯಿರಿ, ಕೈಗೆ ಬೇರೆ ಕೆಲಸ ಇರುವಾಗ ತೆಗೆಯಬೇಡಿ.

1. ಮೊದಲು ವಿಡಿಯೊದ ಉದ್ದ ಗೊತ್ತುಮಾಡಿ

ಹೊರಡುವ ಮೊದಲೇ ಕೊನೆಯ ವಿಡಿಯೊ ಎಷ್ಟು ನಿಮಿಷದ್ದು ಅಂತ ಬರೆದಿಡಿ. ಮನೆಯವರು, ಗೆಳೆಯರು ಕೊನೆತನಕ ನೋಡಬೇಕು ಅಂದರೆ 3 ನಿಮಿಷ ಧಾರಾಳವಾಯಿತು.

ಈಗ ಲೆಕ್ಕ ಹಾಕಿ. 3 ನಿಮಿಷ ಅಂದರೆ 180 ಸೆಕೆಂಡ್. ಇಂಥ ವಿಡಿಯೊಗಳಲ್ಲಿ ಒಂದೊಂದು ಶಾಟ್ ಸುಮಾರು 4 ಸೆಕೆಂಡ್ ನಿಂತರೆ ಹೆಚ್ಚು. ಅಲ್ಲಿಗೆ 45 ಶಾಟ್ ಆಯಿತು. ಕತ್ತರಿಸಲು ಜಾಗ ಇರಲಿ ಅಂತ ಪ್ರತಿ ಶಾಟನ್ನು 10 ಸೆಕೆಂಡ್ ತೆಗೆದರೂ 450 ಸೆಕೆಂಡ್, ಅಂದರೆ ಏಳೂವರೆ ನಿಮಿಷ. ಕೆಟ್ಟವು, ಅಲುಗಾಡಿದವು ಇರುತ್ತವೆ ಅಂತ ದುಪ್ಪಟ್ಟು ಮಾಡಿದರೂ 15 ನಿಮಿಷ.

ಇಡೀ ಟ್ರಿಪ್ಪಿಗೆ 15 ನಿಮಿಷ! ಮೂರು ದಿನದ ಚಾರಣವಾದರೆ ದಿನಕ್ಕೆ 5 ನಿಮಿಷ ರೆಕಾರ್ಡಿಂಗ್. ಉಳಿದ ಹೊತ್ತೆಲ್ಲ ನಿಮ್ಮದೇ. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ‘ಅಯ್ಯೋ, ಮಿಸ್ ಆಗಿಬಿಟ್ಟರೆ’ ಅನ್ನುವ ಚಡಪಡಿಕೆ ಅರ್ಧ ಇಳಿಯುತ್ತದೆ.

ಇಲ್ಲಿ ಜನ ಎಡವುವುದು ‘ಎಲ್ಲ ತೆಗೆದಿಟ್ಟುಕೊಳ್ಳೋಣ, ಆಮೇಲೆ ಆರಿಸಿದರಾಯಿತು’ ಅನ್ನುವುದರಲ್ಲಿ. ಆರು ಗಂಟೆ ಫೂಟೇಜ್ ನೋಡಲು ಆರು ಗಂಟೆ ಬೇಕು. ಆ ಆರು ಗಂಟೆ ಯಾರಿಗೂ ಸಿಗುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಕೊಳೆಯುತ್ತಿರುವ ಪ್ರವಾಸಗಳೆಲ್ಲ ಹೀಗೇ ಅಲ್ಲಿಗೆ ಸೇರಿದವು.

2. ಒಂದು ಚೀಟಿ, ಅದರಲ್ಲಿ ಎರಡು ಪಟ್ಟಿ

ಒಂದು ಚಿಕ್ಕ ಚೀಟಿ ತೆಗೆದುಕೊಳ್ಳಿ. ಒಂದು ಬದಿಯಲ್ಲಿ ಬೇಕಾದ ಶಾಟ್‌ಗಳ ಪಟ್ಟಿ ಬರೆಯಿರಿ. ಎಲ್ಲ 45 ಬರೆಯಬೇಕಿಲ್ಲ, ಬಗೆ ಬರೆದರೆ ಸಾಕು.

ಪ್ರತಿ ಜಾಗದಲ್ಲೂ ಮೂರು ದೂರದಿಂದ ತೆಗೆಯಿರಿ. ಮೊದಲನೆಯದು ವೈಡ್ ಶಾಟ್, ಅಂದರೆ ಜಾಗವೆಲ್ಲ ಕಾಣುವಂಥದ್ದು. ಎರಡನೆಯದು ಮಿಡ್ ಶಾಟ್, ಅಂದರೆ ಆಳು ಸೊಂಟದಿಂದ ಮೇಲೆ ಕಾಣುವಂಥದ್ದು. ಮೂರನೆಯದು ಕ್ಲೋಸಪ್: ಶೂ ಲೇಸ್ ಬಿಗಿಯುವ ಬೆರಳು, ಹೆಲ್ಮೆಟ್ ಬಕಲ್, ಬೆವರಿಳಿಯುವ ಮುಖ, ಹಗ್ಗಕ್ಕೆ ಗಂಟು ಹಾಕುವ ಕೈ. ಎಡಿಟಿಂಗಿಗೆ ಕೂತಾಗ ಎಲ್ಲರಿಗೂ ಕೊರತೆ ಬೀಳುವುದು ಈ ಕೊನೆಯದೇ. ಬೆಟ್ಟದ ಶಾಟ್ ಐವತ್ತು ಇರುತ್ತವೆ, ಹತ್ತಿದವರ ಮುಖ ಒಂದೂ ಇರುವುದಿಲ್ಲ. ಮುಖ್ಯ ಘಟನೆಯ ನಡುವೆ ಸೇರಿಸುವ ಇಂಥ ತುಣುಕುಗಳನ್ನು ವಿಡಿಯೊ ಮಾಡುವವರು ಬಿ-ರೋಲ್ ಅನ್ನುತ್ತಾರೆ. ಇದರ ಒಳ್ಳೆಯ ಗುಣ ಏನೆಂದರೆ, ಹೆಚ್ಚಿನದನ್ನು ಬಿಡುವಿನ ಹೊತ್ತಿನಲ್ಲೇ ತೆಗೆಯಬಹುದು. ಸಾಹಸದ ಮಧ್ಯೆ ಕ್ಯಾಮೆರಾ ಹಿಡಿಯಲೇಬೇಕು ಅಂತಿಲ್ಲ.

ಚೀಟಿಯ ಇನ್ನೊಂದು ಬದಿಗೆ ಕ್ಯಾಮೆರಾ ಹೊರಗೆ ಬರಬಾರದ ಹೊತ್ತುಗಳನ್ನು ಬರೆಯಿರಿ. ಶಿಖರ ಮುಟ್ಟಿದ ಮೊದಲ ಹತ್ತು ನಿಮಿಷ, ಮೊದಲ ಸಲ ನೀರಿಗಿಳಿದ ಹೊತ್ತು, ರಾತ್ರಿ ಎಲ್ಲರೂ ಸೇರಿ ಮಾತಾಡುವ ಹೊತ್ತು. ಯಾವುದು ಅಂತ ನೀವೇ ಆರಿಸಿ. ಬರೆದಿಡುವುದು ಯಾಕೆ ಅಂದರೆ, ಸ್ಥಳದಲ್ಲಿ ನಿಂತಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಜೊತೆಗಿರುವವರಿಗೂ ಈ ಪಟ್ಟಿ ತೋರಿಸಿ. ನೀವು ಮರೆತರೆ ಅವರೇ ನೆನಪಿಸುತ್ತಾರೆ.

3. ಸಾಮಾನು ಕಡಿಮೆ ಇರಲಿ

ಒಂದು ಫೋನ್, ಒಂದು ಆ್ಯಕ್ಷನ್ ಕ್ಯಾಮೆರಾ ಇದ್ದರೆ ಸಾಕು. ಆ್ಯಕ್ಷನ್ ಕ್ಯಾಮೆರಾ ಅಂದರೆ ಹೆಲ್ಮೆಟ್ಟಿಗೋ ಎದೆಗೋ ಕಟ್ಟಿಕೊಳ್ಳಬಹುದಾದ, ನೀರು ಧೂಳು ತಡೆಯುವ ಪುಟ್ಟ ಕ್ಯಾಮೆರಾ. ಬರೀ ಚಾರಣಕ್ಕಾದರೆ ಫೋನ್ ಒಂದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮೂರು ಲೆನ್ಸ್, ಟ್ರೈಪಾಡ್, ಗಿಂಬಲ್ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಲಕರಣೆ) ಹೊತ್ತವರು ಸಂಜೆವರೆಗೂ ಬ್ಯಾಗ್ ತೆಗೆದು ಹಾಕುವುದರಲ್ಲೇ ಇರುತ್ತಾರೆ.

ಹಣ ಉಳಿದರೆ ಮೌಂಟಿಗೆ ಹಾಕಿ. ಮೌಂಟ್ ಅಂದರೆ ಕ್ಯಾಮೆರಾವನ್ನು ಮೈಗೋ ಸಲಕರಣೆಗೋ ಕಟ್ಟುವ ಹಿಡಿ. ಕೈ ಬಿಡುವಾಗಿರುವುದು ಇದರಿಂದಲೇ. ಬೆಟ್ಟದ ಸೈಕ್ಲಿಂಗಿಗೆ ಎದೆಯ ಮೌಂಟ್ ಚೆನ್ನ. ಹ್ಯಾಂಡಲ್ಲೂ ಕೈಗಳೂ ಕಾಣುವುದರಿಂದ ವೇಗ ಗೊತ್ತಾಗುತ್ತದೆ. ಫುಲ್ ಫೇಸ್ ಹೆಲ್ಮೆಟ್ ಇದ್ದರೆ ಗದ್ದದ ಹತ್ತಿರದ ಮೌಂಟ್, ನೋಡುವವರಿಗೆ ನಿಮ್ಮ ಕಣ್ಣಿನಿಂದಲೇ ನೋಡಿದ ಹಾಗಿರುತ್ತದೆ. ನೀರಿಗಾದರೆ ತೇಲುವ ಹಿಡಿಕೆ ಕಡ್ಡಾಯ, ಯಾಕೆಂದರೆ ಆ್ಯಕ್ಷನ್ ಕ್ಯಾಮೆರಾ ಕೈಜಾರಿದರೆ ಕಲ್ಲಿನಂತೆ ಮುಳುಗುತ್ತದೆ. ಎಲ್ಲಿಗೇ ಕಟ್ಟಿದರೂ ಜೊತೆಗೆ ಒಂದು ಸಣ್ಣ ದಾರ ಕಟ್ಟಿ. ಅಂಟಿನ ಮೌಂಟನ್ನು ಹಿಂದಿನ ದಿನವೇ ಅಂಟಿಸಿಡಿ. ಹೊರಡುವ ಬೆಳಗ್ಗೆ ಅಂಟಿಸಿದ್ದು ಒದ್ದೆಯಲ್ಲಿ ಕಿತ್ತು ಬರುತ್ತದೆ.

4. ಸೆಟ್ಟಿಂಗ್ ಮನೆಯಲ್ಲೇ ಮುಗಿಸಿ

ಸ್ಥಳದಲ್ಲಿ ಮೆನು ತೆರೆಯುವ ಹಾಗೇ ಇರಬಾರದು. ಒಮ್ಮೆ ಹೊಂದಿಸಿ ಬಿಟ್ಟುಬಿಡಿ.

ಫ್ರೇಮ್ ರೇಟ್ ಅಂದರೆ ಒಂದು ಸೆಕೆಂಡಿನಲ್ಲಿ ಕ್ಯಾಮೆರಾ ತೆಗೆಯುವ ಚಿತ್ರಗಳ ಸಂಖ್ಯೆ. ಮಾಮೂಲಿ ಶಾಟಿಗೆಲ್ಲ 30 ಇಡಿ. ಸ್ಲೋ ಮೋಷನ್ ಬೇಕಾದ ಕಡೆ ಮಾತ್ರ 120. 120ರಲ್ಲಿ ತೆಗೆದದ್ದನ್ನು 30ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನವಾಗುತ್ತದೆ. 2 ಸೆಕೆಂಡಿನ ಜಿಗಿತ 8 ಸೆಕೆಂಡ್ ಆಗುತ್ತದೆ. ಹಾಗಾಗಿ ಸ್ಲೋ ಮೋಷನ್ನನ್ನು ಉದ್ದುದ್ದ ತೆಗೆದು ಉಪಯೋಗವಿಲ್ಲ. ಕತ್ತಲಲ್ಲಿ 120 ಬೇಡವೇ ಬೇಡ, ಅದಕ್ಕೆ ತುಂಬಾ ಬೆಳಕು ಬೇಕು.

ಸ್ಟೆಬಿಲೈಸೇಷನ್, ಅಂದರೆ ಅಲುಗಾಟ ತಗ್ಗಿಸುವ ಸೌಲಭ್ಯ, ಆನ್ ಇರಲಿ. ಬೆಳಕು ಕಡಿಮೆಯಾದಾಗ ಅದೂ ಕೈಕೊಡುತ್ತದೆ, ಚಿತ್ರ ಕಲಸಿದಂತೆ ಬರುತ್ತದೆ. ಸಂಜೆಯ ಮೇಲೆ ಕ್ಯಾಮೆರಾವನ್ನು ಕಲ್ಲಿನ ಮೇಲಿಟ್ಟು ತೆಗೆಯಿರಿ. ಎನ್‌ಡಿ ಫಿಲ್ಟರ್ ಬಗ್ಗೆ ಕೇಳಿರಬಹುದು, ಲೆನ್ಸಿಗೆ ಹೋಗುವ ಬೆಳಕನ್ನು ತಗ್ಗಿಸುವ ಕಪ್ಪು ಗಾಜು ಅದು. ಮೊದಲ ಸಲದವರು ಅದರ ಗೋಜಿಗೆ ಹೋಗಬೇಡಿ.

ಇನ್ನು ಎರಡು ಸೌಲಭ್ಯ ಇವೆಯಾ ನೋಡಿ, ಇದ್ದರೆ ಆನ್ ಮಾಡಿ. ಒಂದು, ಕ್ಯಾಮೆರಾ ಆಫ್ ಇದ್ದಾಗಲೂ ಒಂದೇ ಗುಂಡಿ ಒತ್ತಿದರೆ ರೆಕಾರ್ಡಿಂಗ್ ಶುರುವಾಗುವುದು, ಮತ್ತೆ ಒತ್ತಿದರೆ ನಿಂತು ಆಫ್ ಆಗುವುದು. ಇನ್ನೊಂದು ಪ್ರೀ-ರೆಕಾರ್ಡ್. ಗುಂಡಿ ಒತ್ತುವುದಕ್ಕೆ ಮುಂಚಿನ ಕೆಲವು ಸೆಕೆಂಡುಗಳನ್ನೂ ಇದು ಉಳಿಸಿಕೊಳ್ಳುತ್ತದೆ. ಗೋಪ್ರೊ ಕ್ಯಾಮೆರಾಗಳಲ್ಲಿ ಇದಕ್ಕೆ ಹೈಂಡ್‌ಸೈಟ್ ಅನ್ನುತ್ತಾರೆ, 15 ಅಥವಾ 30 ಸೆಕೆಂಡ್ ಇಡಬಹುದು. ಹಕ್ಕಿ ಹಾರಿದ ಮೇಲೆ ಒತ್ತಿದರೂ ಹಾರಿದ್ದು ಸಿಗುತ್ತದೆ! ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ, ಬೇಕಾದ ಜಾಗದಲ್ಲಷ್ಟೇ ಬಳಸಿ.

ಕೊನೆಯದಾಗಿ, ಎಲ್ಲ ಕ್ಯಾಮೆರಾ ಮತ್ತು ಫೋನುಗಳ ಗಡಿಯಾರ ಒಂದೇ ಸಮಯ ತೋರಿಸಲಿ. ಇಲ್ಲದಿದ್ದರೆ ಎಡಿಟಿಂಗಿನಲ್ಲಿ ಗೆಳೆಯನ ಕ್ಲಿಪ್ಪಿನಲ್ಲಿ ನೀವು ಇಳಿಯುತ್ತಿರುತ್ತೀರಿ, ನಿಮ್ಮದರಲ್ಲಿ ಇನ್ನೂ ಹತ್ತುತ್ತಿರುತ್ತೀರಿ.

5. ಹೊರಡುವ ಮೊದಲು ಒಂದು ರಿಹರ್ಸಲ್

ಇದನ್ನು ಎಲ್ಲರೂ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಹೆಲ್ಮೆಟ್ ಕ್ಯಾಮೆರಾ ತೆಗೆದುಕೊಳ್ಳಿ. ನೆಟ್ಟಗೆ ನಿಂತು, ಲೆನ್ಸ್ ನೇರ ಮುಂದೆ ನೋಡುವಂತೆ ಸ್ಕ್ರೂ ಬಿಗಿಯುತ್ತೀರಿ. ಆಮೇಲೆ ಸೈಕಲ್ ಹತ್ತಿ ಇಳಿಜಾರಿಗೆ ಬಿಟ್ಟಾಗ ಬೆನ್ನು ಬಾಗುತ್ತದೆ, ತಲೆ ತಗ್ಗುತ್ತದೆ. ಅರ್ಧ ಗಂಟೆ ವಿಡಿಯೊದಲ್ಲಿ ಕಾಣುವುದು ಮುಂದಿನ ಚಕ್ರ ಮತ್ತು ನೆಲ, ಅಷ್ಟೇ. ಕಯಾಕಿನಲ್ಲಿ ಹಿಂದಕ್ಕೆ ಒರಗಿ ಕೂತರೆ ಇದರ ಉಲ್ಟಾ, ಬರೀ ಆಕಾಶ. ಆದ್ದರಿಂದ ಮನೆಯಲ್ಲೇ ಆ ಭಂಗಿಯಲ್ಲಿ ಕೂತು, ಕ್ಯಾಮೆರಾವನ್ನು ಫೋನ್ ಆ್ಯಪಿಗೆ ಜೋಡಿಸಿ, ಏನು ಕಾಣುತ್ತಿದೆ ಅಂತ ನೋಡಿ ಕೋನ ಸರಿಮಾಡಿ. ಸರಿಯಾದ ಜಾಗಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಸ್ಥಳದಲ್ಲಿ ಗೆರೆಗೆ ಗೆರೆ ಸೇರಿಸಿದರೆ ಮುಗಿಯಿತು.

ಕೈಗವಸು ಹಾಕಿಕೊಂಡು ಗುಂಡಿ ಒತ್ತಿ ನೋಡಿ. ರೆಕಾರ್ಡಿಂಗ್ ಶುರುವಾದದ್ದು ನೋಡದೆಯೇ ತಿಳಿಯಬೇಕು, ಬೀಪ್ ಎಷ್ಟು ಸಲ ಬರುತ್ತದೆ ಅಂತ ಕಿವಿಗೆ ರೂಢಿ ಮಾಡಿಕೊಳ್ಳಿ. ನಿಂತಿದೆ ಅಂದುಕೊಂಡಾಗ ಓಡುತ್ತಿರುವುದು, ಓಡುತ್ತಿದೆ ಅಂದುಕೊಂಡಾಗ ನಿಂತಿರುವುದು ಆ್ಯಕ್ಷನ್ ಕ್ಯಾಮೆರಾಗಳ ಮಾಮೂಲಿ ಕಾಟ.

6. ಬ್ಯಾಟರಿ ಮತ್ತು ಕಾರ್ಡ್

ಬಿಟ್‌ರೇಟ್ ಅಂದರೆ ಪ್ರತಿ ಸೆಕೆಂಡಿಗೆ ಕಾರ್ಡಿಗೆ ಬರೆಯುವ ಮಾಹಿತಿಯ ಪ್ರಮಾಣ. 4ಕೆ, ಅಂದರೆ ತುಂಬಾ ಸ್ಪಷ್ಟವಾಗಿ ಬರುವ ವಿಡಿಯೊ, ಸೆಕೆಂಡಿಗೆ 100 ಮೆಗಾಬಿಟ್ಟಿನಲ್ಲಿ (8 ಬಿಟ್ ಅಂದರೆ 1 ಬೈಟ್) ಓಡಿದರೆ ನಿಮಿಷಕ್ಕೆ 750 ಎಂಬಿ, ಗಂಟೆಗೆ 45 ಜಿಬಿ. ನಿಮ್ಮ 15 ನಿಮಿಷಕ್ಕೆ 12 ಜಿಬಿ ಕೂಡ ತುಂಬುವುದಿಲ್ಲ. 64 ಜಿಬಿಯ ಎರಡು ಕಾರ್ಡ್ ಧಾರಾಳ. ಒಂದೇ ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕವು ವಾಸಿ, ಒಂದು ಹೋದರೂ ಇನ್ನೊಂದು ಇರುತ್ತದೆ. ಕಾರ್ಡಿನ ಮೇಲೆ ವಿ30 ಅಂತ ಗುರುತು ಇರಲಿ. ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಅಂತ ಅದರ ಅರ್ಥ.

ಚಳಿಯಲ್ಲಿ ಲಿಥಿಯಂ ಬ್ಯಾಟರಿ ಬೇಗ ಸೋಲುತ್ತದೆ. ಉಳಿದ ಬ್ಯಾಟರಿಗಳು ಒಳಜೇಬಿನಲ್ಲಿ, ಮೈಶಾಖದಲ್ಲಿರಲಿ. ಸತ್ತಂತೆ ಕಂಡ ಬ್ಯಾಟರಿ ಬೆಚ್ಚಗಾದ ಮೇಲೆ ಸ್ವಲ್ಪ ಓಡುವುದುಂಟು. ವೈಫೈ, ಜಿಪಿಎಸ್ ಆಫ್ ಮಾಡಿ.

ವಿಮಾನದಲ್ಲಿ ಹೋಗುವವರಿಗೆ: ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳು ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಅಳತೆ). 20,000 ಎಂಎಎಚ್ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್, ಆದ್ದರಿಂದ ಅದು ಮಿತಿಯೊಳಗೇ ಇದೆ. ವಿಮಾನ ಸಂಸ್ಥೆಯ ನಿಯಮ ಒಮ್ಮೆ ಓದಿಕೊಳ್ಳಿ, ಕೆಲವು ಕಡೆ ಇನ್ನೂ ಬಿಗಿ ಇದೆ.

7. ಅನುಮತಿ, ಸುರಕ್ಷತೆ

ಕ್ಯಾಮೆರಾ ಬಗ್ಗೆ ಗೈಡ್ ಹೇಳಿದ್ದೇ ಕೊನೆಯ ಮಾತು, ಚರ್ಚೆ ಬೇಡ. ಹೆಲ್ಮೆಟ್ ಮೇಲೆ ಎದ್ದುನಿಂತ ಮೌಂಟ್ ಹಗ್ಗಕ್ಕೋ ಕೊಂಬೆಗೋ ಸಿಕ್ಕಿಕೊಳ್ಳಬಹುದು. ಅಮೆರಿಕದ ಪ್ಯಾರಾಚೂಟ್ ಸಂಘದ ಶಿಫಾರಸಿನ ಪ್ರಕಾರ, ಸ್ಕೈಡೈವಿಂಗಿನಲ್ಲಿ ಕ್ಯಾಮೆರಾ ಕಟ್ಟಿಕೊಳ್ಳುವ ಮೊದಲು 200 ಜಿಗಿತದ ಅನುಭವ ಇರಬೇಕು. ಒಂದು ಪುಟ್ಟ ಕ್ಯಾಮೆರಾ ಗಮನವನ್ನು ಎಷ್ಟು ಎಳೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪ್ಯಾರಾಗ್ಲೈಡಿಂಗ್, ರಾಫ್ಟಿಂಗಿನಲ್ಲಿ ನಡೆಸುವವರೇ ವಿಡಿಯೊ ತೆಗೆದುಕೊಡುವ ವ್ಯವಸ್ಥೆ ಇದ್ದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳಿ. ಹುಟ್ಟು ಹಾಕಬೇಕಾದ ಕೈಯಲ್ಲಿ ಸೆಲ್ಫಿ ಕೋಲು ಇರಬಾರದು.

ಡ್ರೋನ್ ಬೇಕೇಬೇಕು ಅನ್ನುವವರು ಹೋಗುವ ದೇಶದ, ಆ ಜಾಗದ ನಿಯಮ ಮೊದಲು ನೋಡಿ. ಬಹಳ ದೇಶಗಳಲ್ಲಿ ಎತ್ತರದ ಮಿತಿ 120 ಮೀಟರ್. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೇ ಡ್ರೋನ್ ಹಾರಿಸುವಂತಿಲ್ಲ. ಅನುಭವದ ದೃಷ್ಟಿಯಿಂದ ನೋಡಿದರೆ ಡ್ರೋನಿನಷ್ಟು ಹೊತ್ತು ತಿನ್ನುವುದು ಬೇರೊಂದಿಲ್ಲ. ಮೊದಲ ಟ್ರಿಪ್ಪಿಗೆ ಬೇಡ ಅಂತಲೇ ನನ್ನ ಸಲಹೆ.

8. ಸ್ಥಳದಲ್ಲಿ: ಮೊದಲು ಕಣ್ಣು, ಆಮೇಲೆ ಕ್ಯಾಮೆರಾ

ಒಂದು ಜಾಗ ತಲುಪಿದ ಕೂಡಲೇ ಶೂಟ್ ಮಾಡಬೇಡಿ. ಎರಡು ನಿಮಿಷ ಸುಮ್ನೆ ನಿಲ್ಲಿ. ಗಾಳಿ ಯಾವ ಕಡೆಯಿಂದ, ಬೆಳಕು ಎಲ್ಲಿ ಬೀಳುತ್ತಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಗಮನಿಸಿ. ಕಣ್ಣು ಹೋದ ಕಡೆಗೇ ಕ್ಯಾಮೆರಾ ಹಿಡಿಯಿರಿ. ವೈಡ್, ಮಿಡ್, ಕ್ಲೋಸಪ್, ಒಂದೊಂದೂ 10 ಸೆಕೆಂಡ್, ಮನಸ್ಸಿನಲ್ಲೇ ಎಣಿಸುತ್ತಾ. ಮುಗಿದ ತಕ್ಷಣ ಕ್ಯಾಮೆರಾ ಒಳಗೆ. ತೆಗೆದದ್ದನ್ನು ಅಲ್ಲೇ ತಿರುಗಿಸಿ ನೋಡಬೇಡಿ. ಹೊತ್ತು ನಿಜವಾಗಿ ಸೋರಿಹೋಗುವುದು ಹಾಗೆ ನೋಡುವುದರಲ್ಲಿ. ಒಬ್ಬರು ನೋಡಲು ಶುರುಮಾಡಿದರೆ ನಾಲ್ಕು ತಲೆ ಸ್ಕ್ರೀನಿನ ಮೇಲೆ ಬಾಗುತ್ತವೆ.

ಕ್ಯಾಮೆರಾವನ್ನು ಆ ಕಡೆ ಈ ಕಡೆ ಸುತ್ತಾಡಿಸಬೇಡಿ. ಅದನ್ನು ನಿಲ್ಲಿಸಿ ಹಿಡಿದು, ದೃಶ್ಯದೊಳಗೆ ಏನಾದರೂ ಚಲಿಸಲಿ ಬಿಡಿ.

ಸೂರ್ಯೋದಯ, ಮೋಡ, ಟೆಂಟ್ ಹಾಕುವುದು, ಇಂಥವಕ್ಕೆ ಟೈಮ್ ಲ್ಯಾಪ್ಸ್ ಹಾಕಿ. ಟೈಮ್ ಲ್ಯಾಪ್ಸ್ ಅಂದರೆ ನಿಗದಿತ ಅಂತರದಲ್ಲಿ ಒಂದೊಂದೇ ಚಿತ್ರ ತೆಗೆದು ವೇಗವಾಗಿ ಓಡಿಸುವುದು. 5 ಸೆಕೆಂಡಿಗೊಂದರಂತೆ ಅರ್ಧ ಗಂಟೆ ಇಟ್ಟರೆ 360 ಚಿತ್ರ, ಅಂದರೆ 12 ಸೆಕೆಂಡಿನ ಕ್ಲಿಪ್. ಕ್ಯಾಮೆರಾ ಭದ್ರವಾಗಿಟ್ಟು, ಗುಂಡಿ ಒತ್ತಿ, ನೀವು ಬೇರೆ ಕಡೆ ಕೂತು ಸೂರ್ಯನನ್ನು ನೋಡಿ. ಇಡೀ ಪಟ್ಟಿಯಲ್ಲಿ ನಿಮ್ಮಿಂದ ಏನೂ ಕೇಳದ ಶಾಟ್ ಇದೊಂದೇ.

ನೀರಿನಲ್ಲಿ ಎರಡು ವಿಷಯ. ಲೆನ್ಸ್ ಮೇಲೆ ಹನಿ ನಿಂತರೆ ಇಡೀ ವಿಡಿಯೊ ಹಾಳು. ಸರ್ಫಿಂಗ್ ಮಾಡುವವರು ಲೆನ್ಸನ್ನು ನಾಲಿಗೆಯಿಂದ ನೆಕ್ಕಿ ನೀರಿಗೆ ಅದ್ದುತ್ತಾರೆ. ನೋಡಲು ವಿಚಿತ್ರ, ಆದರೆ ಹನಿ ಗಟ್ಟದೆ ನೀರು ತೆಳುವಾಗಿ ಹರಡಿಕೊಳ್ಳುತ್ತದೆ. ಇನ್ನೊಂದು, ನೀರಿನಡಿ ಸುಮಾರು 5 ಮೀಟರಿಗೇ ಕೆಂಪು ಬಣ್ಣ ಬಹುಪಾಲು ಮಾಯವಾಗಿ ಎಲ್ಲ ನೀಲಿ ಹಸಿರು ಕಾಣುತ್ತದೆ. ಅದಕ್ಕೆ ಕೆಂಪು ಫಿಲ್ಟರ್ ಬೇಕು, ಅಥವಾ ಹತ್ತಿರದಿಂದ ಲೈಟ್ ಹಾಕಿ ತೆಗೆಯಬೇಕು. ಉಪ್ಪುನೀರಿನಿಂದ ಬಂದ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ತೊಳೆಯದೆ ಇಡಬೇಡಿ.

ಜೊತೆಯಲ್ಲಿ ನಾಲ್ಕು ಜನ ಇದ್ದರೆ ಸರದಿ ಹಾಕಿಕೊಳ್ಳಿ. ಬೆಳಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು. ಆಗ ವಿಡಿಯೊದಲ್ಲಿ ಎಲ್ಲರೂ ಇರುತ್ತಾರೆ. ‘ನಾನೆಲ್ಲಿ?’ ಅಂತ ಕೊನೆಗೆ ಕೇಳುವುದು ಸಾಮಾನ್ಯವಾಗಿ ಕ್ಯಾಮೆರಾ ಹಿಡಿದವರೇ ಅಲ್ವಾ?

ಶಬ್ದ ಮರೆಯಬೇಡಿ. ಆ್ಯಕ್ಷನ್ ಕ್ಯಾಮೆರಾ ಓಡುವಾಗ ಗಾಳಿಯ ಗೊರಗೊರ ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ದಿನಕ್ಕೆ ಒಂದೆರಡು ಕಡೆ ಫೋನಿನ ರೆಕಾರ್ಡರ್ ಆನ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಅರ್ಧ ನಿಮಿಷ ಹೊಳೆಯದ್ದೋ ಕಾಡಿನದ್ದೋ ಶಬ್ದ ಹಿಡಿದುಕೊಳ್ಳಿ.

9. ಸಂಜೆಯ ಕಾಲು ಗಂಟೆ

ಕ್ಲಿಪ್‌ಗಳನ್ನು ಫೋನಿಗೋ ಚಿಕ್ಕ ಡ್ರೈವಿಗೋ ನಕಲು ಮಾಡಿ. ನಕಲು ತೆರೆದು ಓಡುತ್ತದೆಯಾ ನೋಡದೆ ಕಾರ್ಡ್ ಅಳಿಸಬೇಡಿ. ಕಾರ್ಡ್ ಒಂದು ಬ್ಯಾಗಿನಲ್ಲಿ, ನಕಲು ಇನ್ನೊಬ್ಬರ ಬ್ಯಾಗಿನಲ್ಲಿ. ಬ್ಯಾಟರಿ ಚಾರ್ಜಿಗೆ ಹಾಕಿ. ಚೀಟಿ ತೆಗೆದು ಸಿಕ್ಕಿದ್ದಕ್ಕೆ ಗೆರೆ ಎಳೆಯಿರಿ. ಆ ದಿನದ ಪಾಲು ಮುಗಿದಿದ್ದರೆ ಕ್ಯಾಮೆರಾ ಕೆಲಸ ಮುಗಿಯಿತು.

ಆಮೇಲೆ ಒಂದು ನಿಮಿಷದ ವಾಯ್ಸ್ ನೋಟ್ ಮಾಡಿ. ಏನು ಭಯವಾಯಿತು, ಯಾರು ಏನಂದು ನಗಿಸಿದರು, ಮೊಣಕಾಲು ಎಲ್ಲಿ ನೋಯಲು ಶುರುವಾಯಿತು. ಕ್ಯಾಮೆರಾ ಒಳಗಿದ್ದಾಗ ನಡೆದದ್ದನ್ನೇ ಹೇಳಿ. ವಿಡಿಯೊಗೆ ಹಿನ್ನೆಲೆ ಧ್ವನಿಯಾಗಿ ಇದಕ್ಕಿಂತ ಚೆನ್ನಾದದ್ದು ಸಿಗುವುದಿಲ್ಲ.

ಚಳಿಯಿಂದ ಬಂದ ಕ್ಯಾಮೆರಾವನ್ನು ಬೆಚ್ಚಗಿನ ಕೋಣೆಗೆ ಹಾಗೇ ತಂದರೆ ಒಳಗೆಲ್ಲ ಹನಿಗಟ್ಟುತ್ತದೆ. ಹೊರಗಿರುವಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ ತನ್ನಿ. ಕೋಣೆಯ ಶಾಖಕ್ಕೆ ಬಂದ ಮೇಲೆ ತೆರೆಯಿರಿ.

10. ಬಂದ ಮೇಲೆ

ಒಂದು ವಾರದೊಳಗೆ ಎಡಿಟಿಂಗಿಗೆ ಕೂರಿ. ತಿಂಗಳು ಕಳೆದರೆ ಆಸೆ ಇಳಿಯುತ್ತದೆ. 15 ನಿಮಿಷ ಫೂಟೇಜ್ ಆದ್ದರಿಂದ ಪೂರ್ತಿ ನೋಡಲು ಒಂದು ಕಪ್ ಕಾಫಿಯಷ್ಟೇ ಹೊತ್ತು. ಮೊದಲು ವಾಯ್ಸ್ ನೋಟ್‌ಗಳನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ಶಾಟ್ ಹಾಕುತ್ತಾ ಹೋಗಿ. ಇಂಟರ್ನೆಟ್ಟಿಗೆ ಹಾಕುವುದಾದರೆ ಬಳಸಲು ಅನುಮತಿ ಇರುವ ಸಂಗೀತವನ್ನೇ ಆರಿಸಿ, ಇಲ್ಲವಾದರೆ ಶಬ್ದ ತೆಗೆದುಹಾಕುತ್ತಾರೆ ಅಥವಾ ವಿಡಿಯೊನೇ ತಡೆಯುತ್ತಾರೆ.

ಜೊತೆ ಬಂದವರಿಗೆ ಕ್ಲಿಪ್ ಕಳಿಸುವಾಗ ಮೆಸೇಜ್ ಆ್ಯಪಿನಲ್ಲಿ ಮಾಮೂಲಿ ವಿಡಿಯೊ ಅಂತ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಅಥವಾ ಕ್ಲೌಡ್ ಫೋಲ್ಡರಿಗೆ ಹಾಕಿ ಲಿಂಕ್ ಕೊಡಿ. ಅವರ ಫೋನಿನಲ್ಲಿರುವ ನಿಮ್ಮ ಶಾಟ್‌ಗಳನ್ನೂ ಅದೇ ಫೋಲ್ಡರಿಗೆ ಹಾಕಲು ಹೇಳಿ, ಎಡಿಟಿಂಗ್ ಶುರುಮಾಡುವ ಮುಂಚೆಯೇ.